ಮನಸ್ಸು ಬಂದಮೇಲೆ ಮಾಡೋಣ ಎಂದು ಕಾಯುತ್ತಿದ್ದ ದಿನಗಳು

ನಿವೃತ್ತಿಯಾದ ಮೇಲೆ ಖಿನ್ನತೆಗೆ ಬಿದ್ದವರು ಅದನ್ನು ಬಾಯಿಬಿಟ್ಟು ಹೇಳುವುದು ಕಡಿಮೆ. ಮಂಡಿನೋವು, ಬಿಪಿ, ಶುಗರ್ ಬಗ್ಗೆ ಗಂಟೆಗಟ್ಟಲೆ ಮಾತಾಡುವ ನಾವು ಮನಸ್ಸಿನ ಮಾತು ಬಂದ ಕೂಡಲೇ "ವಯಸ್ಸಾಯ್ತಲ್ಲ, ಹಾಗೇ ಇರುತ್ತೆ" ಎಂದು ಮುಗಿಸಿಬಿಡುತ್ತೇವೆ. ನನಗೆ ಖಿನ್ನತೆ ಬಂದಿತ್ತು. ಚಿಕಿತ್ಸೆ ತೆಗೆದುಕೊಂಡೆ, ಸುಧಾರಿಸಿಕೊಂಡೆ. ಅಲ್ಲಿ ಏನು ಕೇಳುತ್ತಾರೆ, ಏನು ಮಾಡಿಸುತ್ತಾರೆ, ಅದು ಎಷ್ಟು ನಿಧಾನ ಎಂಬುದೆಲ್ಲ ಮೊದಲೇ ತಿಳಿದಿದ್ದರೆ ನನ್ನಂಥ ಇನ್ನೊಬ್ಬರು ಒಂದಷ್ಟು ಬೇಗ ವೈದ್ಯರ ಹತ್ತಿರ ಹೋಗಬಹುದು ಎಂಬ ಆಸೆಯಿಂದ ಇದನ್ನು ಬರೆಯುತ್ತಿದ್ದೇನೆ.

ನಾನು ಆಸ್ಪತ್ರೆಯ ಲ್ಯಾಬಿನಲ್ಲಿ ಟೆಕ್ನಿಷಿಯನ್ ಆಗಿದ್ದವಳು. ರಕ್ತ ತೆಗೆಯುವುದು, ಸ್ಲೈಡ್ ನೋಡುವುದು, ಕೊಡುವ ರಕ್ತ ರೋಗಿಗೆ ಹೊಂದುತ್ತದೆಯೇ ಎಂದು ನೋಡುವ ಕ್ರಾಸ್ ಮ್ಯಾಚ್ ಮಾಡುವುದು, ಕೊನೆಯ ವರ್ಷಗಳಲ್ಲಿ ಇಡೀ ಲ್ಯಾಬಿನ ಉಸ್ತುವಾರಿ. ನಿವೃತ್ತಿಯ ಮೊದಲ ಕೆಲವು ತಿಂಗಳು ನಿಜವಾಗಿಯೂ ಚೆನ್ನಾಗಿದ್ದವು. ಅಲಾರಾಂ ಇಲ್ಲ, ರಾತ್ರಿ ಪಾಳಿ ಇಲ್ಲ, ಮಗಳ ಮನೆಗೆ ಹೋಗಿ ಬೇಕಾದಷ್ಟು ದಿನ ಇದ್ದು ಬಂದೆ. ಅಮೆರಿಕದ ಸಮಾಜಶಾಸ್ತ್ರಜ್ಞ ರಾಬರ್ಟ್ ಆಚ್ಲಿ 1970ರ ದಶಕದಲ್ಲಿ ನಿವೃತ್ತಿಯನ್ನು ಹಂತಹಂತವಾಗಿ ವಿವರಿಸಿದಾಗ ಈ ಹಂತವನ್ನು ಮಧುಚಂದ್ರ ಎಂದೇ ಕರೆದರು, ಅದರ ಬೆನ್ನಿಗೆ ಕೆಲವರಿಗೆ ಭ್ರಮನಿರಸನದ ಹಂತ ಬರುತ್ತದೆ ಎಂದರು. ಎಲ್ಲರಿಗೂ ಬರಲೇಬೇಕೆಂದಿಲ್ಲ. ಎಷ್ಟೋ ಜನ ಕೆಲಸ ಬಿಟ್ಟಮೇಲೆ ಇನ್ನಷ್ಟು ಆರೋಗ್ಯವಾಗಿ, ನೆಮ್ಮದಿಯಾಗಿ ಇರುತ್ತಾರೆ. ನನಗೆ ಮಾತ್ರ ಆ ಎರಡನೆಯ ಹಂತ ಬಂತು, ಮತ್ತು ಸದ್ದಿಲ್ಲದೆ ಬಂತು.

ಬೆಳಗಿನ ಜಾವ ಮೂರೂವರೆಗೆಲ್ಲ ಎಚ್ಚರವಾಗತೊಡಗಿತು. ಮತ್ತೆ ನಿದ್ದೆ ಹತ್ತುತ್ತಿರಲಿಲ್ಲ. ಎದ್ದು ಏನಾದರೂ ಮಾಡೋಣ ಎಂದರೆ ಮೈ ಏಳುತ್ತಿರಲಿಲ್ಲ. ನಿವೃತ್ತಿಯಾದ ಮೇಲೆ ಓದಬೇಕೆಂದು ಎತ್ತಿಟ್ಟಿದ್ದ ಪುಸ್ತಕಗಳಲ್ಲಿ ಒಂದು ಪುಟ ಓದಿ ಮತ್ತೆ ಅದೇ ಪುಟಕ್ಕೆ ಬರುತ್ತಿದ್ದೆ. ಹಳೆಯ ಸಹೋದ್ಯೋಗಿಗಳ ಫೋನ್ ಬಂದರೆ ರಿಂಗ್ ನಿಲ್ಲುವ ತನಕ ನೋಡುತ್ತ ಕೂರುತ್ತಿದ್ದೆ. ಅಳು ಬರುತ್ತಿರಲಿಲ್ಲ, ದುಃಖವೂ ಅಷ್ಟಾಗಿ ಇರಲಿಲ್ಲ. ಯಾವುದೂ ಬೇಡ ಅನ್ನಿಸುತ್ತಿತ್ತು, ಅಷ್ಟೇ. ಇದರ ಮೇಲೆ ಹೆಸರುಗಳು, ಸಾಮಾನು ಇಟ್ಟ ಜಾಗ ಎಲ್ಲ ಮರೆಯತೊಡಗಿದವು. ಮರೆವಿನ ಕಾಯಿಲೆ ಶುರುವಾಯಿತೇನೋ ಎಂಬ ಭಯ ಒಳಗೊಳಗೇ ಬೆಳೆಯಿತು. ನಮ್ಮ ಯಜಮಾನರು "ಏನಾಗಿದೆ ನಿಂಗೆ?" ಎಂದು ಕೇಳಿದರೆ "ಏನೂ ಇಲ್ಲ, ಸುಸ್ತು" ಎನ್ನುತ್ತಿದ್ದೆ. ಕೊನೆಗೆ ಅವರೇ ಪಟ್ಟು ಹಿಡಿದು ವೈದ್ಯರ ಹತ್ತಿರ ಕರೆದುಕೊಂಡು ಹೋದರು.

ಆ ವೈದ್ಯರು ಮೊದಲು ಮಾಡಿಸಿದ್ದು ರಕ್ತ ಪರೀಕ್ಷೆ. ಹಿಮೋಗ್ಲೋಬಿನ್, ಥೈರಾಯ್ಡ್, ಬಿ12, ಶುಗರ್, ಸೋಡಿಯಂ, ಕಿಡ್ನಿ. ಇದು ನನಗೆ ಗೊತ್ತಿದ್ದ ಲೋಕ. ಥೈರಾಯ್ಡ್ ಕಡಿಮೆಯಾದರೆ ಮನುಷ್ಯ ಮಂಕಾಗುತ್ತಾನೆ, ಬಿ12 ಕೊರತೆಯಿದ್ದರೆ ಮರೆವು, ಬೇಸರ ಎರಡೂ ಬರಬಹುದು. ತೆಗೆದುಕೊಳ್ಳುತ್ತಿರುವ ಬೇರೆ ಮಾತ್ರೆಗಳೂ ಕಾರಣವಿರಬಹುದು. ಹಾಗಾಗಿ ಹಿರಿಯರಲ್ಲಿ ಖಿನ್ನತೆ ಎಂದು ಹೇಳುವ ಮೊದಲು ಇವನ್ನೆಲ್ಲ ನೋಡಲೇಬೇಕು. ನನ್ನ ರಿಪೋರ್ಟ್ ಬಂತು. ಎಲ್ಲವೂ ಸರಿಯಾದ ಮಿತಿಯಲ್ಲೇ ಇತ್ತು. ಅಷ್ಟು ವರ್ಷ ಬೇರೆಯವರ ಕೈಗೆ ಇಂಥ ರಿಪೋರ್ಟ್ ಕೊಡುವಾಗ ಒಳ್ಳೆಯ ಸುದ್ದಿ ಕೊಡುತ್ತಿದ್ದೇನೆ ಎಂದುಕೊಳ್ಳುತ್ತಿದ್ದೆ. ನನ್ನದನ್ನು ನೋಡಿದಾಗ ನನಗೆ ಹಿಡಿದುಕೊಳ್ಳಲು ಏನೂ ಇಲ್ಲದಂತಾಯಿತು.

ಆಗ ವೈದ್ಯರು ಒಂದು ಹಾಳೆ ಕೊಟ್ಟರು. 15 ಪ್ರಶ್ನೆ, ಪ್ರತಿಯೊಂದಕ್ಕೂ ಹೌದು ಅಥವಾ ಇಲ್ಲ. ಹಿರಿಯರಿಗೆಂದೇ 1980ರ ದಶಕದ ಆರಂಭದಲ್ಲಿ ಅಮೆರಿಕದ ಮನೋವೈದ್ಯ ಜೆರೋಮ್ ಯೆಸವೇಜ್ ಮತ್ತು ಸಂಗಡಿಗರು 30 ಪ್ರಶ್ನೆಗಳ ಖಿನ್ನತೆಯ ಮಾಪಕವನ್ನು ಮಾಡಿದ್ದರು. 1986ರಲ್ಲಿ ಅದರ 15 ಪ್ರಶ್ನೆಗಳ ಚಿಕ್ಕ ರೂಪ ಬಂತು. ನನಗೆ ಕೊಟ್ಟದ್ದು ಅದು. ಒಟ್ಟಾರೆ ನಿಮ್ಮ ಬದುಕಿನ ಬಗ್ಗೆ ತೃಪ್ತಿ ಇದೆಯೇ? ಮೊದಲು ಮಾಡುತ್ತಿದ್ದ ಎಷ್ಟೋ ಕೆಲಸ, ಆಸಕ್ತಿಗಳನ್ನು ಬಿಟ್ಟಿದ್ದೀರಾ? ಬದುಕು ಖಾಲಿ ಅನ್ನಿಸುತ್ತದೆಯೇ? ಹೊರಗೆ ಹೋಗಿ ಹೊಸದೇನಾದರೂ ಮಾಡುವುದಕ್ಕಿಂತ ಮನೆಯಲ್ಲಿರುವುದೇ ವಾಸಿ ಅನ್ನಿಸುತ್ತದೆಯೇ? ಈಗ ಇರುವ ಹಾಗೆ ನೀವು ಯಾವ ಪ್ರಯೋಜನಕ್ಕೂ ಇಲ್ಲ ಅನ್ನಿಸುತ್ತದೆಯೇ? ಈ ಕೊನೆಯ ಪ್ರಶ್ನೆಯ ಮುಂದೆ ಪೆನ್ನು ಬಹಳ ಹೊತ್ತು ನಿಂತಿತು.

ಇಡೀ ಹಾಳೆಯಲ್ಲಿ ನಿದ್ದೆಯ ಬಗ್ಗೆ, ಹಸಿವಿನ ಬಗ್ಗೆ, ಮೈಕೈ ನೋವಿನ ಬಗ್ಗೆ ಒಂದು ಪ್ರಶ್ನೆಯೂ ಇರಲಿಲ್ಲ. ಕೇಳಿದೆ. ವಯಸ್ಸಾದವರಲ್ಲಿ ನಿದ್ದೆ, ಹಸಿವು, ನೋವು ಇವೆಲ್ಲ ಖಿನ್ನತೆ ಇಲ್ಲದೆಯೂ ಏರುಪೇರಾಗುತ್ತವೆ, ಅವನ್ನು ಸೇರಿಸಿದರೆ ಲೆಕ್ಕ ತಪ್ಪುತ್ತದೆ, ಅದಕ್ಕೇ ಬೇಕೆಂದೇ ಬಿಟ್ಟಿದ್ದಾರೆ ಎಂದರು. ಪರೀಕ್ಷೆಯನ್ನು ಹೇಗೆ ಕಟ್ಟಿದ್ದಾರೆ ಎಂಬುದು ಗೊತ್ತಾದ ಮೇಲೆ ನನಗೆ ಅದರ ಮೇಲೆ ನಂಬಿಕೆ ಬಂತು. ಖಿನ್ನತೆಯ ಅಂಕ 15ರಲ್ಲಿ 5ಕ್ಕಿಂತ ಹೆಚ್ಚು ಬಂದರೆ ಮುಂದೆ ವಿಚಾರಿಸಬೇಕು. ನನ್ನದು 9 ಇತ್ತು. "ಇದರಿಂದ ಕಾಯಿಲೆ ಅಂತ ತೀರ್ಮಾನ ಮಾಡಲ್ಲ, ಮನೋವೈದ್ಯರನ್ನ ಒಂದು ಸಲ ನೋಡಿ" ಎಂದು ಚೀಟಿ ಬರೆದುಕೊಟ್ಟರು.

ಮನೋವೈದ್ಯರು ನನ್ನ ಮಗಳ ವಯಸ್ಸಿನವರು. ಯಜಮಾನರನ್ನು ಮೊದಲು ಒಳಗೆ ಕೂರಿಸಿಕೊಂಡು ಮಾತಾಡಿಸಿದರು, ಆಮೇಲೆ ಸ್ವಲ್ಪ ಹೊತ್ತು ಹೊರಗಿರಿ ಎಂದು ವಿನಂತಿಸಿದರು. ನಂತರ ನನ್ನನ್ನು ನೇರವಾಗಿ ಕೇಳಿದರು: "ಅಮ್ಮಾ, ಬದುಕಿದ್ದು ಏನು ಮಾಡಬೇಕು ಅಂತ ಅನ್ನಿಸಿದೆಯಾ? ಸಾಯಬೇಕು ಅಂತ ಯೋಚನೆ ಬಂದಿದೆಯಾ? ಹೇಗೆ ಅಂತ ಯೋಚಿಸಿದ್ದೀರಾ?" ಮೂರು ಪ್ರಶ್ನೆಗಳನ್ನೂ ಒಂದರ ಹಿಂದೊಂದು, ದನಿ ಏರಿಸದೆ, ಇಳಿಸದೆ. ಮೊದಲನೆಯದಕ್ಕೆ ಹೌದು ಎಂದೆ. ಎರಡನೆಯದಕ್ಕೆ, ಮಲಗಿದವಳು ಏಳದಿದ್ದರೂ ಪರವಾಗಿಲ್ಲ ಅನ್ನಿಸಿದ್ದುಂಟು ಎಂದೆ. ಮೂರನೆಯದಕ್ಕೆ ಇಲ್ಲ. ಯಾರಿಗೂ ಹೇಳದ ಮಾತನ್ನು ಅಷ್ಟು ಸರಾಗವಾಗಿ ಹೇಳಿದ್ದಕ್ಕೆ ನನಗೇ ಆಶ್ಚರ್ಯವಾಯಿತು. ಹೀಗೆ ಕೇಳಿದರೆ ಇಲ್ಲದ ಯೋಚನೆ ಹುಟ್ಟಿಬಿಡುತ್ತದೆ ಎಂದು ಬಹಳ ಜನ ಹೆದರುತ್ತಾರೆ. ಹಾಗಾಗುವುದಿಲ್ಲ. ಕೇಳಿದವರ ಮುಂದೆ ಹೊರೆ ಇಳಿಸಬಹುದು ಎಂದು ಮನಸ್ಸಿಗೆ ತಿಳಿಯುತ್ತದೆ. ನಿಮ್ಮ ಮನೆಯ ಹಿರಿಯರು "ನಾನಿದ್ದು ಯಾರಿಗೆ ಏನು ಉಪಯೋಗ" ಎಂದರೆ ದಯವಿಟ್ಟು "ಹಾಗೆಲ್ಲ ಮಾತಾಡಬೇಡಿ" ಎಂದು ಬಾಯಿ ಮುಚ್ಚಿಸಬೇಡಿ. ಪಕ್ಕದಲ್ಲಿ ಕೂತು ಕೇಳಿ. ಹೇಗೆ ಎಂದೂ ಅವರು ಯೋಚಿಸಿದ್ದರೆ ಒಂಟಿಯಾಗಿ ಬಿಡಬೇಡಿ, ಅವತ್ತೇ ವೈದ್ಯರ ಹತ್ತಿರ ಕರೆದೊಯ್ಯಿರಿ.

ಮಾತ್ರೆ ಶುರುವಾಯಿತು, ಬಹಳ ಕಡಿಮೆ ಪ್ರಮಾಣದಲ್ಲಿ. ಹಿರಿಯರಿಗೆ ಕಡಿಮೆಯಿಂದ ಶುರುಮಾಡಿ ನಿಧಾನವಾಗಿ ಏರಿಸಬೇಕು ಎಂಬುದು ಈ ಚಿಕಿತ್ಸೆಯ ಪದ್ಧತಿ. ಗುಣ ಕಾಣಲು ವಾರಗಳೇ ಬೇಕು, ಅಷ್ಟರಲ್ಲಿ ಬಿಟ್ಟುಬಿಡಬೇಡಿ ಎಂದು ಎರಡೆರಡು ಸಲ ಹೇಳಿದರು. ಇಂಥ ಮಾತ್ರೆಗಳಿಂದ ವಯಸ್ಸಾದ ಕೆಲವರಲ್ಲಿ ರಕ್ತದ ಸೋಡಿಯಂ ಇಳಿಯುತ್ತದೆ. ಹಾಗಾಗಿ ಕೆಲವು ದಿನ ಬಿಟ್ಟು ಮತ್ತೆ ಪರೀಕ್ಷೆ ಮಾಡಿಸಿದರು. 135ರಿಂದ 145ರೊಳಗೆ ಇರಬೇಕಾದದ್ದು ನನಗೆ 137 ಇತ್ತು. ನಿದ್ದೆ ಮಾತ್ರೆ ಕೇಳಿದೆ, ಕೊಡಲಿಲ್ಲ. ಈ ವಯಸ್ಸಿನಲ್ಲಿ ಅವು ನಡಿಗೆ ತೂರಾಡಿಸುತ್ತವೆ, ಬಿದ್ದು ಸೊಂಟದ ಮೂಳೆ ಮುರಿದುಕೊಂಡವರು ಎಷ್ಟೋ ಜನ ಎಂದರು. ಅಂಥವರ ರಕ್ತವನ್ನು ನಾನೇ ತೆಗೆದಿದ್ದೇನೆ. ಹಾಗಾಗಿ ಒತ್ತಾಯ ಮಾಡಲಿಲ್ಲ.

ಮಾತ್ರೆಗಿಂತ ಹೆಚ್ಚು ಕೆಲಸ ಮಾಡಿಸಿದ್ದು ಮನಶ್ಶಾಸ್ತ್ರಜ್ಞೆ. ಅವರ ಹತ್ತಿರ ವಾರಕ್ಕೊಮ್ಮೆ ಹೋಗುತ್ತಿದ್ದೆ. ಮೊದಲ ಭೇಟಿಯಲ್ಲೇ ಅವರು ಆಸ್ಟ್ರಿಯಾದ ಮರಿಯೆಂಟಾಲ್ ಎಂಬ ಹಳ್ಳಿಯ ವಿಷಯ ಹೇಳಿದರು. ಇಡೀ ಊರಿಗೆ ಕೆಲಸ ಕೊಟ್ಟಿದ್ದ ಬಟ್ಟೆ ಗಿರಣಿ 1930ರ ಹೊತ್ತಿಗೆ ಮುಚ್ಚಿಹೋಯಿತು. ಸಮಾಜ ಮನಶ್ಶಾಸ್ತ್ರಜ್ಞೆ ಮರಿ ಯಹೋಡಾ ಮತ್ತು ಸಂಗಡಿಗರು ಅಲ್ಲಿಗೆ ಹೋಗಿ ಅಭ್ಯಾಸ ಮಾಡಿ 1933ರಲ್ಲಿ ಪ್ರಕಟಿಸಿದರು. ಕೆಲಸವಿಲ್ಲದ ಜನರ ಕೈಯಲ್ಲಿ ದಿನವಿಡೀ ಬಿಡುವು. ಆದರೂ ಅಲ್ಲಿನ ಗ್ರಂಥಾಲಯದಿಂದ ಜನ ಒಯ್ಯುತ್ತಿದ್ದ ಪುಸ್ತಕಗಳ ಸಂಖ್ಯೆ ಎರಡು ವರ್ಷದಲ್ಲಿ ಸುಮಾರು ಅರ್ಧಕ್ಕೆ ಇಳಿಯಿತು. ಗಂಡಸರ ನಡಿಗೆ ನಿಧಾನವಾಯಿತು, ಬೀದಿಯಲ್ಲಿ ನಿಂತು ನಿಂತು ಹೋಗುತ್ತಿದ್ದರು, ಅನೇಕರು ಕೈಗಡಿಯಾರ ಕಟ್ಟುವುದನ್ನೇ ಬಿಟ್ಟರು. ಓದದೆ ಬಿದ್ದಿದ್ದ ನನ್ನ ಪುಸ್ತಕಗಳು ನೆನಪಾದವು. ಬಿಡುವು ಹೆಚ್ಚಾದಷ್ಟೂ ಓದು ಕಡಿಮೆಯಾದದ್ದು ನನ್ನ ಸೋಮಾರಿತನ ಎಂದುಕೊಂಡಿದ್ದೆ. ತೊಂಬತ್ತು ವರ್ಷದ ಹಿಂದೆ ಇಡೀ ಒಂದು ಊರಿಗೆ ಹಾಗೆಯೇ ಆಗಿತ್ತು.

"ಆದ್ರೆ ನನಗೆ ಮನೆಕೆಲಸ ಇದೆಯಲ್ಲ ಮೇಡಂ" ಎಂದೆ. ಮರಿಯೆಂಟಾಲಿನ ಹೆಂಗಸರಿಗೂ ಮನೆಕೆಲಸವಿತ್ತು, ಕೈ ಬಿಡುವಿರಲಿಲ್ಲ, ಆದರೂ ಗಿರಣಿ ತೆರೆದರೆ ಮತ್ತೆ ಹೋಗುತ್ತೇವೆ, ಬರೀ ದುಡ್ಡಿಗಾಗಿ ಅಲ್ಲ ಎಂದಿದ್ದರಂತೆ. ಯಹೋಡಾ ಮುಂದೆ ಇದನ್ನೇ ಬೆಳೆಸಿ, ಕೆಲಸ ಎನ್ನುವುದು ಸಂಬಳದ ಜೊತೆಗೆ ಇನ್ನೂ ಐದನ್ನು ಕೊಡುತ್ತದೆ ಎಂದರು: ದಿನಕ್ಕೊಂದು ವೇಳಾಕ್ರಮ, ಮನೆಯಾಚೆಯ ಜನ, ಹತ್ತಾರು ಮಂದಿ ಸೇರಿ ಮಾಡುವ ಒಂದು ಉದ್ದೇಶ, ಸಮಾಜದಲ್ಲಿ ಒಂದು ಗುರುತು, ಏನಾದರೂ ಮಾಡುತ್ತಲೇ ಇರಬೇಕಾದ ಅನಿವಾರ್ಯ. ಪಿಂಚಣಿ ಸಂಬಳದ ಜಾಗವನ್ನಷ್ಟೇ ತುಂಬುತ್ತದೆ. ಈ ಐದೂ ಒಂದೇ ದಿನ, ಹಾರ ಹಾಕಿಸಿಕೊಂಡ ಆ ಸಂಜೆಯೇ ಹೋಗಿಬಿಡುತ್ತವೆ. ಇವುಗಳಲ್ಲಿ ಯಾವುದನ್ನು ಕಳೆದುಕೊಂಡದ್ದು ನಿಮಗೆ ಹೆಚ್ಚು ನೋವು ಕೊಡುತ್ತಿದೆ ಎಂದು ಮನಶ್ಶಾಸ್ತ್ರಜ್ಞೆ ಕೇಳಿದರು. ಮೂರನೆಯದು ಎಂದೆ. ಮಧ್ಯರಾತ್ರಿ ಹೆರಿಗೆ ಕೋಣೆಯಿಂದ ರಕ್ತ ಬೇಕೆಂದು ಫೋನ್ ಬಂದಾಗ ವೈದ್ಯರು, ನರ್ಸು, ವಾರ್ಡ್ ಬಾಯ್, ನಾನು ಎಲ್ಲರೂ ಒಂದೇ ದಿಕ್ಕಿಗೆ ಓಡುತ್ತಿದ್ದೆವಲ್ಲ, ಅದು ನನಗೆ ಬೇಕಾಗಿತ್ತು. ನನ್ನ ಕಣ್ಣು ತುಂಬಿ ಬಂದದ್ದು ಆ ದಿನವೇ ಮೊದಲು.

ಆಮೇಲೆ ಅವರು ಒಂದು ನೋಟ್‌ಬುಕ್ ಕೊಟ್ಟರು. ಗಂಟೆಗಂಟೆಗೂ ಏನು ಮಾಡಿದೆ ಎಂದು ಬರೆಯಬೇಕು. ಪಕ್ಕದಲ್ಲಿ ಎರಡು ಅಂಕಣ: ಅದರಲ್ಲಿ ಎಷ್ಟು ಖುಷಿ ಸಿಕ್ಕಿತು, ಮಾಡಿ ಮುಗಿಸಿದೆ ಎಂಬ ಸಮಾಧಾನ ಎಷ್ಟು, ಎರಡಕ್ಕೂ ಸೊನ್ನೆಯಿಂದ ಹತ್ತರೊಳಗೆ ಅಂಕ. ಏನನ್ನೂ ಬದಲಾಯಿಸಬೇಡಿ, ಇದ್ದದ್ದನ್ನು ಬರೆಯಿರಿ ಎಂದರು. ಅಂಕಿ ಬರೆದು ಅಭ್ಯಾಸವಿದ್ದವಳು, ಪ್ರಾಮಾಣಿಕವಾಗಿ ಬರೆದೆ. ವಾರದ ಕೊನೆಗೆ ಇಬ್ಬರೂ ಕೂತು ನೋಡಿದೆವು. ನನ್ನ ಪ್ರಕಾರ ಇಡೀ ವಾರ ಒಂದೇ ಥರ ಕೆಟ್ಟದಾಗಿತ್ತು. ಪುಟಗಳು ಬೇರೆಯದನ್ನೇ ಹೇಳಿದವು. ಬೆಳಗ್ಗೆ ಹತ್ತರಿಂದ ಸಂಜೆ ನಾಲ್ಕರ ತನಕ ಸಾಲಾಗಿ ಒಂದು, ಸೊನ್ನೆ, ಒಂದು. ಬಟ್ಟೆ ಒಣಹಾಕಿದ ಗಂಟೆಗೆ ಸಮಾಧಾನ ಮೂರು. ಒಂದು ಸಂಜೆ ಮಾತ್ರ ಆರು ಮತ್ತು ಏಳು. ಅವತ್ತು ಪಕ್ಕದ ಮನೆಯ ಹುಡುಗಿ ತನ್ನ ತಂದೆಯ ರಕ್ತದ ರಿಪೋರ್ಟ್ ತಂದು "ಆಂಟಿ, ಇದು ಏನು ಅಂತ ಹೇಳ್ತೀರಾ?" ಎಂದು ಕೇಳಿದ್ದಳು. ಬಿಡಿಸಿ ಹೇಳಿದ್ದೆ. ಅದನ್ನು ನಾನು ಮರೆತೇಬಿಟ್ಟಿದ್ದೆ. ಖಿನ್ನತೆ ಒಳ್ಳೆಯ ಗಂಟೆಗಳನ್ನು ನೆನಪಿನಿಂದಲೇ ಅಳಿಸಿಹಾಕುತ್ತದೆ ಎಂಬುದು ಕಣ್ಣಿಗೆ ಕಾಣುವಂತೆ ಅಲ್ಲಿತ್ತು.

ಎರಡನೆಯ ವಾರದಿಂದ ಚಿಕಿತ್ಸೆಯ ನಿಜವಾದ ಭಾಗ ಶುರುವಾಯಿತು. "ಮನಸ್ಸು ಬಂದಮೇಲೆ ಮಾಡ್ತೀನಿ ಅಂತ ಕಾಯ್ತಾ ಇದ್ದೀರಿ. ಈ ಕಾಯಿಲೆಯಲ್ಲಿ ಮನಸ್ಸು ತಾನಾಗಿ ಬರಲ್ಲ. ಮೊದಲು ಮಾಡಬೇಕು, ಮನಸ್ಸು ಹಿಂದಿನಿಂದ ಬರುತ್ತೆ" ಎಂದರು. ಅಮೆರಿಕದ ಮನಶ್ಶಾಸ್ತ್ರಜ್ಞ ಪೀಟರ್ ಲೆವಿನ್‌ಸನ್ 1970ರ ದಶಕದಲ್ಲಿ ಬೆಳೆಸಿದ ದಾರಿ ಇದು. ಸಂತೋಷ ಕೊಡುವ ಕೆಲಸಗಳು ಕಡಿಮೆಯಾದರೆ ಮನಸ್ಸು ಕುಸಿಯುತ್ತದೆ, ಮನಸ್ಸು ಕುಸಿದರೆ ಕೆಲಸ ಇನ್ನೂ ಕಡಿಮೆಯಾಗುತ್ತದೆ. ಈ ಸುತ್ತನ್ನು ಕೆಲಸದ ಕಡೆಯಿಂದ ಮುರಿಯಬೇಕು. ಹಾಗೆಂದು ದೊಡ್ಡದೇನನ್ನೂ ಹೇಳಲಿಲ್ಲ. ಹತ್ತು ಗಂಟೆಗೆ ಚಪ್ಪಲಿ ಹಾಕಿಕೊಂಡು ಗೇಟಿನ ತನಕ ಹೋಗಿ ಬನ್ನಿ, ಬೇಕಾದರೆ ಮುಂದೆ ಹೋಗಿ, ಬೇಡವೆಂದರೆ ವಾಪಸ್ ಬನ್ನಿ. ಹನ್ನೊಂದಕ್ಕೆ ಪುಸ್ತಕದ ಎರಡು ಪುಟ, ಅರ್ಥವಾಗದಿದ್ದರೂ ಸರಿ. ಒಬ್ಬರಿಗೆ ಫೋನ್. ಸಮಯ, ಕೆಲಸ ಎರಡೂ ಹಿಂದಿನ ರಾತ್ರಿಯೇ ಬರೆದಿರಬೇಕು, ಬೆಳಗ್ಗೆ ಎದ್ದು ಮಾಡಲೋ ಬೇಡವೋ ಎಂಬ ಚರ್ಚೆ ಇರಬಾರದು.

ಇದು ಕಷ್ಟದ ಕೆಲಸ. ಗೇಟಿನ ತನಕ ಹೋಗುವುದು ಕಷ್ಟ ಎಂದರೆ ಈ ಸ್ಥಿತಿ ಅನುಭವಿಸದವರಿಗೆ ಅರ್ಥವಾಗಲಿಕ್ಕಿಲ್ಲ. ಕಾಲಿಗೆ ಮರಳಿನ ಚೀಲ ಕಟ್ಟಿದಂತಿರುತ್ತದೆ. ಮೊದಲ ವಾರಗಳಲ್ಲಿ ಮಾಡಿದ್ದಕ್ಕೆ ಖುಷಿಯ ಅಂಕಣದಲ್ಲಿ ಸೊನ್ನೆಯೇ ಬೀಳುತ್ತಿತ್ತು. ಸಮಾಧಾನದ ಅಂಕಣ ಮೊದಲು ಅಲ್ಲಾಡಿತು, ಎರಡು, ಮೂರು. ಖುಷಿ ಬಹಳ ಹಿಂದಿನಿಂದ ಬಂತು. ಈ ಅಂತರ ಇರುತ್ತದೆ ಎಂದು ಅವರು ಮೊದಲೇ ಹೇಳಿರದಿದ್ದರೆ ನಾನು ಕೈಚೆಲ್ಲುತ್ತಿದ್ದೆ. ಗೇಟಿನ ನಡಿಗೆ ಬರುಬರುತ್ತ ಅರ್ಧ ಗಂಟೆಯ ವಾಕಿಂಗ್ ಆಯಿತು. ವಾರಕ್ಕೆ ಕನಿಷ್ಠ 150 ನಿಮಿಷ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಟ್ಟಕ್ಕೆ ಈಗ ಬಂದಿದ್ದೇನೆ.

ನಿದ್ದೆಗೆ ಬೇರೆ ಕಟ್ಟಳೆ. ರಾತ್ರಿ ಎಷ್ಟೇ ಹೊತ್ತಿಗೆ ಮಲಗಿದರೂ ಬೆಳಗ್ಗೆ ಏಳುವ ಹೊತ್ತು ಒಂದೇ. ಹಾಸಿಗೆಯ ಮೇಲೆ ಟಿವಿ, ಫೋನ್ ಏನೂ ಇಲ್ಲ. ನಿದ್ದೆ ಬಾರದೆ ಹೊರಳಾಡುತ್ತಿದ್ದರೆ ಎದ್ದು ಬೇರೆ ಕೋಣೆಗೆ ಹೋಗಿ ಕೂರಬೇಕು, ಕಣ್ಣು ಎಳೆದಾಗ ಮಾತ್ರ ವಾಪಸ್. ಹಗಲು ಮಲಗುವುದು ಬಿಟ್ಟದ್ದೇ ನನಗೆ ಅತಿ ಕಷ್ಟವಾಯಿತು, ಅತಿ ಹೆಚ್ಚು ಉಪಯೋಗವಾದದ್ದೂ ಅದೇ.

ಮನೆಯೊಳಗಿನ ಒಂದು ಸಂಗತಿ ಹೇಳಲೇಬೇಕು. ಯಜಮಾನರು ನನಗಿಂತ ಮೊದಲೇ ನಿವೃತ್ತರಾಗಿ ತಮ್ಮದೇ ಒಂದು ದಿನಚರಿ ಕಟ್ಟಿಕೊಂಡಿದ್ದರು. ನಾನು ಮನೆಗೆ ಬಂದಮೇಲೆ ಇಬ್ಬರೂ ಇಡೀ ದಿನ ಒಂದೇ ಸೂರಿನಡಿ. ರೇಡಿಯೋ ಸದ್ದು, ಕಿಟಕಿ ತೆರೆಯುವುದು ಮುಚ್ಚುವುದು, ಎಲ್ಲದಕ್ಕೂ ಮಾತು ಬರುತ್ತಿತ್ತು. ಮನಶ್ಶಾಸ್ತ್ರಜ್ಞೆ ಇಬ್ಬರನ್ನೂ ಕೂರಿಸಿ, ದಿನದಲ್ಲಿ ಯಾವ ಹೊತ್ತು ಒಟ್ಟಿಗೆ, ಯಾವ ಹೊತ್ತು ಬೇರೆಬೇರೆ ಎಂದು ಮಾತಾಡಿಕೊಳ್ಳಲು ಹೇಳಿದರು. ಒಟ್ಟಿಗೆ ಇರುವ ಹೊತ್ತಿನಷ್ಟೇ ಬೇರೆಯಾಗಿರುವ ಹೊತ್ತೂ ಮುಖ್ಯ ಎಂದರು. ನಲವತ್ತು ವರ್ಷದ ದಾಂಪತ್ಯದಲ್ಲಿ ನಾವು ಇದನ್ನು ಬಾಯಿಬಿಟ್ಟು ಮಾತಾಡಿದ್ದು ಅದೇ ಮೊದಲು. ಅವರು ಮೆಲ್ಲಗೆ ಒಂದು ಮಾತು ಹೇಳಿದರು: "ನೀನು ಟಿವಿ ಸೌಂಡ್ ಬಹಳ ಜೋರಾಗಿ ಇಡ್ತೀಯ."

ಆ ಮಾತಿನಿಂದ ಕಿವಿ ಪರೀಕ್ಷೆಯಾಯಿತು. ವಯಸ್ಸಿನ ಜೊತೆ ಮೊದಲು ಹೋಗುವುದು ಎತ್ತರದ ಶ್ರುತಿಯ ಸದ್ದುಗಳು. ಸ, ಶ, ಫ, ತ ಇಂಥ ವ್ಯಂಜನಗಳು ಜಾರಿಹೋಗುತ್ತವೆ, ಅ, ಆ, ಓ ಇಂಥ ಸ್ವರಾಕ್ಷರಗಳು ಉಳಿಯುತ್ತವೆ. ಹಾಗಾಗಿ ಜನ ಮಾತಾಡುತ್ತಿದ್ದಾರೆ ಎಂಬುದು ಕೇಳುತ್ತದೆ, ಏನು ಎಂಬುದು ತಿಳಿಯುವುದಿಲ್ಲ. ನಾಲ್ಕು ಜನ ಸೇರಿದಲ್ಲಿ ಹೋಗುವುದಕ್ಕೆ ನನಗೆ ಬೇಸರ ಬಂದಿದ್ದಕ್ಕೆ ಅರ್ಧ ಕಾರಣ ಇದಾಗಿತ್ತು. ಶ್ರವಣ ಸಾಧನ ಹಾಕಿಸಿಕೊಂಡೆ. ಕಿವಿ ಮಂದವಾದರೆ ಮನುಷ್ಯ ಒಂಟಿಯಾಗುತ್ತಾನೆ. ಮರೆವಿನ ಕಾಯಿಲೆಯ ಅಪಾಯ ಹೆಚ್ಚಿಸುವ, ಆದರೆ ಸರಿಪಡಿಸಬಹುದಾದ 14 ಕಾರಣಗಳೆಂದು ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ಆಯೋಗ 2024ರಲ್ಲಿ ಕೊಟ್ಟ ಪಟ್ಟಿಯಲ್ಲಿ ಕಿವುಡೂ ಇದೆ. ಕನ್ನಡಕ ಹಾಕಿಕೊಳ್ಳಲು ನಾಚದವರು ಇದಕ್ಕೇಕೆ ನಾಚಬೇಕು? ಅಂದಹಾಗೆ ನನ್ನ ಮರೆವು, ಮನಸ್ಸು ಸುಧಾರಿಸಿದಂತೆ ತಾನೂ ಸರಿಹೋಯಿತು. ಖಿನ್ನತೆಯ ಮರೆವು ಹಲವು ಸಲ ಹಾಗೆಯೇ ಹೋಗುತ್ತದೆ. ಹೋಗದಿದ್ದರೆ ಮತ್ತೆ ಪರೀಕ್ಷೆ ಮಾಡಿಸಲೇಬೇಕು ಎಂದು ವೈದ್ಯರು ಹೇಳಿದ್ದಾರೆ.

ಚಿಕಿತ್ಸೆಯ ಕೊನೆಯ ಭಾಗದಲ್ಲಿ ಮನಶ್ಶಾಸ್ತ್ರಜ್ಞೆ ನನ್ನ ಕೆಲಸದ ಬದುಕನ್ನು ಬರೆಯಲು ಹೇಳಿದರು. ವೃದ್ಧರು ಹಿಂದಿನದನ್ನು ಮತ್ತೆ ಮತ್ತೆ ಹೇಳುವುದನ್ನು ಬಡಬಡಿಕೆ ಎಂದು ತಳ್ಳಿಹಾಕುತ್ತಿದ್ದ ಕಾಲದಲ್ಲಿ, 1963ರಲ್ಲಿ, ರಾಬರ್ಟ್ ಬಟ್ಲರ್ ಎಂಬ ಮನೋವೈದ್ಯರು ಅದು ಬದುಕಿನ ಲೆಕ್ಕ ನೋಡಿಕೊಳ್ಳುವ ಸಹಜ ಕ್ರಿಯೆ ಎಂದು ವಾದಿಸಿದ್ದರು. ನಾನು ಬರೆಯಲು ಕೂತಾಗ ಪ್ರಶಸ್ತಿ, ಬಡ್ತಿ ಯಾವುದೂ ನೆನಪಾಗಲಿಲ್ಲ. ಪುಟಪುಟ ತುಂಬಿದ್ದು ಕೈಗಳು. ರಕ್ತ ತೆಗೆಯಲು ಹಿಡಿದ ಕೈಗಳು. ಅದನ್ನು ಓದಿ ಅವರು, "ಈ ಕೆಲಸ ಈಗ ಯಾರಿಗೆ ಬೇಕಾಗಿದೆ?" ಎಂದಷ್ಟೇ ಕೇಳಿದರು.

ಈಗ ವಾರದಲ್ಲಿ ಎರಡು ಬೆಳಗ್ಗೆ ಲ್ಯಾಬ್ ತರಬೇತಿಯ ಮಕ್ಕಳಿಗೆ ರಕ್ತ ತೆಗೆಯುವುದನ್ನು ಕಲಿಸುತ್ತೇನೆ. ಅದರಲ್ಲೂ ಮುದುಕರ ರಕ್ತ. ಹೊಸಬರು "ನರ ಸಿಗ್ತಿಲ್ಲ ಮೇಡಂ" ಎನ್ನುತ್ತಾರೆ. ಸಿಕ್ಕಿದ ನರವೂ ಸೂಜಿ ಮುಟ್ಟಿದ ಕೂಡಲೇ ಪಕ್ಕಕ್ಕೆ ಉರುಳುತ್ತದೆ, ಏಕೆಂದರೆ ವಯಸ್ಸಾದವರ ಚರ್ಮ ಸಡಿಲ, ಕೆಳಗಿನ ಕೊಬ್ಬು ಕರಗಿರುತ್ತದೆ. ತೋಳಿಗೆ ಕಟ್ಟುವ ಪಟ್ಟಿಯನ್ನು ಬಿಗಿಯಾಗಿ ಕಟ್ಟಬಾರದು, ಚರ್ಮ ಕಂದುತ್ತದೆ, ಬಟ್ಟೆಯ ಮೇಲೆ ಕಟ್ಟಬೇಕು. ಕೈಯನ್ನು ಸ್ವಲ್ಪ ಹೊತ್ತು ಬೆಚ್ಚಗೆ ಮಾಡಬೇಕು. ಹೆಬ್ಬೆರಳಿನಿಂದ ಚರ್ಮವನ್ನು ಕೆಳಕ್ಕೆ ಎಳೆದು ಹಿಡಿದು, ಸಣ್ಣ ಸೂಜಿಯನ್ನು ಹೆಚ್ಚು ಓರೆಯಾಗಿ, ಚರ್ಮಕ್ಕೆ ಹತ್ತಿರವಾಗಿ ಸೇರಿಸಬೇಕು. ಅದಕ್ಕೂ ಮೊದಲು ಅವರ ಹೆಸರು ಹಿಡಿದು ಮಾತಾಡಿಸಬೇಕು. ಒಬ್ಬ ಹುಡುಗ ನಡುಗುವ ಕೈಯಿಂದ ಒಂದೇ ಪ್ರಯತ್ನಕ್ಕೆ ರಕ್ತ ತೆಗೆದು ನನ್ನ ಮುಖ ನೋಡಿದ ದಿನ ನೋಟ್‌ಬುಕ್ಕಿನಲ್ಲಿ ಎರಡೂ ಕಡೆ ಒಂಬತ್ತು ಬರೆದೆ. ಬೆಳೆಯುವವರಿಗೆ ಏನಾದರೂ ದಾಟಿಸುವ ಹಂಬಲ ನಡುವಯಸ್ಸಿನಿಂದಲೇ ಮನುಷ್ಯನಲ್ಲಿ ಬಲವಾಗುತ್ತದೆ ಎಂದು ಮನೋವಿಶ್ಲೇಷಕ ಎರಿಕ್ ಎರಿಕ್‌ಸನ್ ಹೇಳಿದ್ದಾರೆ. ಅದು ನಿವೃತ್ತಿಯ ದಿನ ನಿಲ್ಲುವುದಿಲ್ಲ ಎಂದು ನಾನು ನನ್ನ ಅನುಭವದಿಂದ ಹೇಳಬಲ್ಲೆ. ಹಾಗೆಂದು ಎಲ್ಲರೂ ಕಲಿಸಬೇಕೆಂದಿಲ್ಲ. ಆ ಸಮಾಧಾನ ನನ್ನ ಗೆಳತಿಗೆ ಗಿಡಗಳಲ್ಲಿ ಸಿಕ್ಕಿತು, ಯಜಮಾನರಿಗೆ ಚೆಸ್‌ನಲ್ಲಿ. ಸುಮ್ಮನೆ ಹೊತ್ತು ಕಳೆಯುವ ಹವ್ಯಾಸಕ್ಕಿಂತ, ನಾವು ಹೋಗದಿದ್ದರೆ ಯಾರಾದರೂ ಯಾಕೆ ಬರಲಿಲ್ಲ ಎಂದು ಕೇಳುವಂಥ ಒಂದು ಜಾಗ ಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ನಡುವೆ ಒಂದು ಸಲ ಮತ್ತೆ ಕುಸಿದೆ, ಹಳೆಯ ಸಹೋದ್ಯೋಗಿಯೊಬ್ಬರು ತೀರಿಕೊಂಡಾಗ. ಆಗ ಹೊಸದೇನನ್ನೂ ಮಾಡಲಿಲ್ಲ, ನೋಟ್‌ಬುಕ್ ತೆಗೆದು ಮತ್ತೆ ಗೇಟಿನಿಂದಲೇ ಶುರುಮಾಡಿದೆವು. ಮಾತ್ರೆಯನ್ನು ಗುಣವಾದ ಕೂಡಲೇ ನಿಲ್ಲಿಸಲಿಲ್ಲ. ತಿಂಗಳುಗಟ್ಟಲೆ ಮುಂದುವರಿಸಿ, ಈಗ ವೈದ್ಯರ ಹೇಳಿಕೆಯಂತೆ ಸ್ವಲ್ಪಸ್ವಲ್ಪವಾಗಿ ಇಳಿಸುತ್ತಿದ್ದೇವೆ. ಯಜಮಾನರೂ ನಾನೂ ಕೂತು ನನ್ನ ಕುಸಿತದ ಮೊದಲ ಲಕ್ಷಣಗಳನ್ನು ಒಂದು ಹಾಳೆಯಲ್ಲಿ ಬರೆದಿಟ್ಟಿದ್ದೇವೆ: ಫೋನ್ ಎತ್ತದಿರುವುದು, ಬೆಳಗಿನ ಜಾವದ ಎಚ್ಚರ, "ಆಮೇಲೆ ನೋಡೋಣ" ಎಂಬ ಮಾತು. ಇವು ಎರಡು ವಾರ ಬಿಡದೆ ಕಂಡರೆ ನನ್ನ ಒಪ್ಪಿಗೆಗೆ ಕಾಯದೆ ಅವರು ವೈದ್ಯರಿಗೆ ಫೋನ್ ಮಾಡಬಹುದು. ಆ ಹಾಳೆಯ ಕೆಳಗೆ ನಾನು ಸಹಿ ಹಾಕಿ ಕೊಟ್ಟಿದ್ದೇನೆ. ಅವರೂ ತಮ್ಮದೊಂದು ಹಾಳೆ ಬರೆದು ನನ್ನ ಕೈಗೆ ಕೊಟ್ಟಿದ್ದಾರೆ.